ದೊಡ್ಡ ಕರುಳಿನ ಕೊಬ್ಬಿನ ಗಡ್ಡೆ: ಹೊಟ್ಟೆ ಕೊಯ್ಯದೆ ತೆಗೆಯಬಹುದಾ?

ಪ್ರಶ್ನೆ: ಕೊಲೊನೋಸ್ಕೋಪಿಯಲ್ಲಿ (ಗುದದ್ವಾರದ ಮೂಲಕ ಕ್ಯಾಮೆರಾ ಕೊಳವೆ ಹಾಕಿ ನೋಡುವ ಪರೀಕ್ಷೆ) ದೊಡ್ಡ ಕರುಳಿನೊಳಗೆ ಲೈಪೋಮಾ ಕಂಡಿದೆ. ಕ್ಯಾನ್ಸರ್ ಅಲ್ಲವಂತೆ. ಆದರೂ ತೆಗೆಸಲೇಬೇಕಾ? ಆಪರೇಷನ್ ಇಲ್ಲದೆ ಆಗುತ್ತಾ?

ಉತ್ತರ: ಆಗುತ್ತದೆ, ಅದೇ ಕೊಳವೆಯ ಮೂಲಕ. ಆದರೆ ಇಂಥ ಗಡ್ಡೆಗಳಲ್ಲಿ ಹೆಚ್ಚಿನವನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ.

ಲೈಪೋಮಾ ಎಂದರೆ ಕೊಬ್ಬಿನ ಗಡ್ಡೆ. ಕೆಲವರಿಗೆ ತೋಳಿನಲ್ಲೋ ಬೆನ್ನಿನಲ್ಲೋ ಚರ್ಮದಡಿ ಮೆತ್ತಗೆ ಕೈಗೆ ಸಿಗುತ್ತದಲ್ಲ, ಅದೇ. ಕರುಳಿನಲ್ಲಿ ಇದು ಅಪರೂಪ, ಬಂದರೆ ಜಾಸ್ತಿ ಬಲಭಾಗದಲ್ಲೇ. ಒಳಪದರದ ಕೆಳಗೆ ಬೆಳೆಯುವುದರಿಂದ, ಮೇಲಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರೆ ಸಾಮಾನ್ಯವಾಗಿ ‘ನಾರ್ಮಲ್’ ಅಂತಲೇ ವರದಿ ಬರುತ್ತದೆ. ಡಾಕ್ಟರು ಕಣ್ಣಿನಿಂದಲೇ ಗುರುತಿಸುವುದು ಹೆಚ್ಚು: ನುಣುಪು, ಹಳದಿ ಬಣ್ಣ, ಒತ್ತಿದರೆ ದಿಂಬಿನಂತೆ ತಗ್ಗಿ ಮತ್ತೆ ಉಬ್ಬುತ್ತದೆ. ಅನುಮಾನ ಉಳಿದರೆ ಸಿ.ಟಿ. ಸ್ಕ್ಯಾನ್‌ನಲ್ಲಿ ಕೊಬ್ಬು ಬೇರೆಯಾಗಿ ಕಾಣುತ್ತದೆ.

2 ಸೆಂ.ಮೀ. ಒಳಗಿದ್ದು ತೊಂದರೆ ಕೊಡದಿದ್ದರೆ ಸುಮ್ನೆ ಬಿಡುತ್ತಾರೆ. ದೊಡ್ಡದಾದರೆ ರಕ್ತ ಹೋಗಬಹುದು, ಹೊಟ್ಟೆನೋವು ಬರಬಹುದು. ಕೆಲವೊಮ್ಮೆ ಗಡ್ಡೆಯ ಎಳೆತಕ್ಕೆ ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ತೂರಿಕೊಳ್ಳುತ್ತದೆ.

ಪಾಲಿಪ್ (ಕರುಳಿನ ಒಳಪದರದಲ್ಲಿ ಬೆಳೆಯುವ ಸಣ್ಣ ಗಡ್ಡೆ) ತೆಗೆದಂತೆ ತಂತಿ ಕುಣಿಕೆ ಹಾಕಿ ಕರೆಂಟ್ ಕೊಟ್ಟು ಕತ್ತರಿಸಿದರೆ ಆಯಿತಲ್ವಾ? ತೊಡಕು ಇರುವುದು ಇಲ್ಲೇ. ಕೊಬ್ಬಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಕತ್ತರಿಸಲು ಜಾಸ್ತಿ ಹೊತ್ತು ಕೊಡಬೇಕಾಗುತ್ತದೆ, ಅಷ್ಟರಲ್ಲಿ ಬಿಸಿ ಕರುಳಿನ ಗೋಡೆಗೆ ತಾಗುತ್ತದೆ. ಬಲಭಾಗದಲ್ಲಂತೂ ಗೋಡೆ ತೆಳು, ತೂತು ಬೀಳುವ ಭಯ ಇದ್ದೇ ಇದೆ. ತೆಳ್ಳನೆಯ ತೊಟ್ಟು ಇರುವ ಗಡ್ಡೆಯಾದರೆ ಕೆಲಸ ಸುಲಭ. ಅಗಲ ಬುಡದ್ದಾದರೆ ಅನುಭವಿ ಕೈಯೇ ಬೇಕು.

ಅದಕ್ಕೇ ಬೇರೆ ದಾರಿಗಳೂ ಇವೆ. ಬುಡಕ್ಕೆ ಪ್ಲಾಸ್ಟಿಕ್ ಕುಣಿಕೆ ಬಿಗಿದರೆ ರಕ್ತ ಸಿಗದೆ ಗಡ್ಡೆ ಕೆಲವು ದಿನಗಳಲ್ಲಿ ಕಳಚಿ ಮಲದ ಜೊತೆ ಹೋಗುತ್ತದೆ. ಇದರಲ್ಲಿ ಒಂದು ಕೊರತೆ: ಲ್ಯಾಬ್‌ಗೆ ಕಳಿಸಲು ಪೂರ್ತಿ ಗಡ್ಡೆ ಕೈಗೆ ಸಿಗುವುದಿಲ್ಲ. ಮೇಲಿನ ಪದರವನ್ನಷ್ಟೇ ಕೊಯ್ದು, ಒಳಗಿನ ಕೊಬ್ಬು ತಾನಾಗಿ ಹೊರಬರಲು ಬಿಡುವುದೂ ಉಂಟು. ಗಡ್ಡೆಯ ಕೆಳಗೆ ದ್ರವ ಚುಚ್ಚಿ ಎತ್ತರಿಸಿ, ಸಣ್ಣ ಚಾಕುವಿನಿಂದ ಬಿಡಿಸುವ ವಿಧಾನ ಇನ್ನೊಂದು. ಗಾಯವನ್ನು ಕ್ಲಿಪ್ ಹಾಕಿ ಮುಚ್ಚಬಹುದು, ಕ್ಲಿಪ್ ಮುಂದೆ ತಾನೇ ಉದುರುತ್ತದೆ.

ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಗಡ್ಡೆ ತೆಗೆಸಿದ ಮೇಲೆ ಜೋರು ಹೊಟ್ಟೆನೋವು, ಜ್ವರ, ರಕ್ತಸ್ರಾವ ಕಂಡರೆ ಮಾರನೇ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ. ಕರುಳು ಕಟ್ಟಿಕೊಂಡಿದ್ದರೆ, ಅಥವಾ ಅದು ಕೊಬ್ಬೇ ಅನ್ನುವ ಖಾತ್ರಿ ಇಲ್ಲದಿದ್ದರೆ, ಆಪರೇಷನ್ ಮಾಡುವುದೇ ಹೆಚ್ಚು.