ದೋಷ ಸಿಕ್ಕಮೇಲೆ ಶುರುವಾಗುವ ಕೆಲಸ: ಆ್ಯಪ್ ಸೆಕ್ಯುರಿಟಿ ಕಲಿಯುವವರಿಗೆ ಟಿಪ್ಪಣಿ

ಅಪ್ಲಿಕೇಶನ್ ಸೆಕ್ಯುರಿಟಿ ಓದಲು ಶುರುಮಾಡಿದವರು ಮೊದಲು ಕಲಿಯುವುದು ದಾಳಿ ಮಾಡುವುದನ್ನು. ಬರ್ಪ್ ಸೂಟ್ ಎಂಬ ಸಾಧನ ಹಾಕಿಕೊಂಡು ಆ್ಯಪ್‌ನಿಂದ ಸರ್ವರ್‌ಗೆ ಹೋಗುವ ವಿನಂತಿಗಳನ್ನು ತಿದ್ದಿ ಕಳಿಸುವುದರಲ್ಲಿ ಒಂದು ಖುಷಿ ಇದೆ, ಅದು ಬೇಕೂ ಬೇಕು. ಆದರೆ ಹೊರವರ್ತುಲ ರಸ್ತೆಯಲ್ಲೋ ವೈಟ್‌ಫೀಲ್ಡ್‌ನಲ್ಲೋ ಇರುವ ಪ್ರಾಡಕ್ಟ್ ಕಂಪನಿಯೊಂದರಲ್ಲಿ ಈ ಹುದ್ದೆಗೆ ಸೇರಿದ ಮೇಲೆ ದಿನದ ಬಹುಪಾಲು ಕಳೆಯುವುದು ಡೆವಲಪರ್‌ಗಳ ಜೊತೆ. ದೋಷ ಸಿಕ್ಕಿತು ಎಂಬಲ್ಲಿಂದ ಅದು ಪ್ರೊಡಕ್ಷನ್‌ನಲ್ಲಿ, ಅಂದರೆ ಗ್ರಾಹಕರು ಬಳಸುವ ಆ್ಯಪ್‌ನಲ್ಲಿ, ನಿಜಕ್ಕೂ ಸರಿಹೋಯಿತು ಎಂಬಲ್ಲಿಯವರೆಗಿನ ದಾರಿಯೇ ಈ ಕೆಲಸ. ಆ ದಾರಿಯನ್ನು ಇಲ್ಲಿ ಒಂದೇ ದೋಷ ಹಿಡಿದು ನೋಡೋಣ.

ವರದಿ ಸಂಖ್ಯೆ 88214

ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಒಂದು ಲ್ಯಾಬ್, ಅದಕ್ಕೊಂದು ಆ್ಯಪ್ ಇದೆ ಎಂದುಕೊಳ್ಳಿ. ಜಯನಗರದ ಒಬ್ಬರು ಓಟಿಪಿ ಹಾಕಿ ಲಾಗಿನ್ ಆಗಿ ತಮ್ಮ ಸಕ್ಕರೆ ಪರೀಕ್ಷೆಯ ವರದಿ ತೆರೆಯುತ್ತಾರೆ. ಆ್ಯಪ್ ಸರ್ವರ್‌ಗೆ ಕಳಿಸುವ ವಿನಂತಿಯಲ್ಲಿ ವರದಿ ಸಂಖ್ಯೆ 88213 ಇದೆ. ಅದೇ ಲಾಗಿನ್‌ನಲ್ಲಿ ಸಂಖ್ಯೆಯನ್ನು 88214 ಮಾಡಿ ಕಳಿಸಿದರೆ ರಾಜಾಜಿನಗರದ ಇನ್ಯಾರದೋ ವರದಿ, ಹೆಸರು ವಯಸ್ಸು ಕಾಯಿಲೆ ಸಮೇತ, ಬಂದುಬಿಡುತ್ತದೆ.

ಇದಕ್ಕೆ ಐಡಾರ್ (ಇನ್‌ಸೆಕ್ಯೂರ್ ಡೈರೆಕ್ಟ್ ಆಬ್ಜೆಕ್ಟ್ ರೆಫರೆನ್ಸ್) ಎನ್ನುತ್ತಾರೆ, ಎಪಿಐಗಳ, ಅಂದರೆ ಆ್ಯಪ್ ಸರ್ವರ್‌ನೊಡನೆ ಮಾತಾಡುವ ದಾರಿಗಳ, ಮಾತು ಬಂದಾಗ ಬೋಲಾ (ಬ್ರೋಕನ್ ಆಬ್ಜೆಕ್ಟ್ ಲೆವೆಲ್ ಆಥರೈಸೇಶನ್) ಎಂದೂ ಕೇಳುತ್ತೀರಿ. ಸಾಫ್ಟ್‌ವೇರ್ ಭದ್ರತೆಗೆ ದುಡಿಯುವ ಓವಾಸ್ಪ್ ಸಂಸ್ಥೆಯ 2017ರ ಟಾಪ್ 10 ಪಟ್ಟಿಯಲ್ಲಿ ಐದನೆಯದಾಗಿದ್ದ ಆಕ್ಸೆಸ್ ಕಂಟ್ರೋಲ್ ವೈಫಲ್ಯ (ಯಾರು ಏನು ನೋಡಬಹುದೆಂಬ ತಡೆ ಕೆಲಸ ಮಾಡದಿರುವುದು, ಐಡಾರ್ ಇದರದೇ ಒಂದು ಬಗೆ) 2021ರಲ್ಲಿ ಮೊದಲ ಸ್ಥಾನಕ್ಕೆ ಬಂತು. ಎಪಿಐಗಳಿಗೆಂದೇ ಮಾಡಿದ ಪಟ್ಟಿಯಲ್ಲಿ 2019ರಲ್ಲೂ 2023ರಲ್ಲೂ ಮೊದಲನೆಯದು ಬೋಲಾ.

ಇಷ್ಟು ಸರಳವಾದದ್ದು ಸ್ಕ್ಯಾನರ್‌ಗೆ ಯಾಕೆ ಸಿಗುವುದಿಲ್ಲ ಎಂಬುದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಿ, ಸಂದರ್ಶನದಲ್ಲೂ ಕೇಳುತ್ತಾರೆ. ಕೋಡ್ ಓದುವ ಸ್ಯಾಸ್ಟ್ ಸಾಧನ, ಹೊರಗಿನಿಂದ ಬಂದ ಮಾಹಿತಿ ಶುದ್ಧಿಯಾಗದೆ ಅಪಾಯದ ಜಾಗಕ್ಕೆ ತಲುಪುತ್ತದೆಯೇ ಎಂದು ಬೆನ್ನುಹತ್ತಿ ನೋಡುತ್ತದೆ. ಇಲ್ಲಿ ಡೇಟಾಬೇಸ್‌ಗೆ ಹೋಗುವ ಕ್ವೆರಿಯನ್ನು ಪ್ಯಾರಾಮೀಟರ್ ಹಾಕಿಯೇ ಬರೆದದ್ದು, ಹೊರಗಿನ ಪಠ್ಯ ಆಜ್ಞೆಯಾಗಿ ಓಡಿಬಿಡುವ ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ ಜಾಗವಿಲ್ಲ. ಓಡುತ್ತಿರುವ ಆ್ಯಪ್‌ಗೆ ಹೊರಗಿನಿಂದ ಬಡಿದು ನೋಡುವ ಡ್ಯಾಸ್ಟ್ ಸಾಧನಕ್ಕೆ 200, ಅಂದರೆ ಎಲ್ಲ ಸರಿ, ಎಂಬ ಉತ್ತರ ಬರುತ್ತದೆ, ಒಳಗಿನ ಜೇಸನ್ ಮಾಹಿತಿ ಸರಿಯಾಗಿಯೇ ಇದೆ. 88214 ಯಾರದು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಕೋಡಿನಲ್ಲಿ ತಪ್ಪು ಸಾಲು ಯಾವುದೂ ಇಲ್ಲ, ಇರಬೇಕಾದ ಒಂದು ಸಾಲು ಇಲ್ಲ ಅಷ್ಟೆ. ಅದನ್ನು ಕಾಣಲು ವ್ಯವಹಾರ ಗೊತ್ತಿರಬೇಕು: ವರದಿ ರೋಗಿಗೆ ಸೇರಿದ್ದು, ಲ್ಯಾಬ್ ತಂತ್ರಜ್ಞರೂ ನೋಡಬಹುದು, ಮನೆಗೆ ಬಂದು ರಕ್ತ ತೆಗೆದವರು ನೋಡಬಾರದು. ಇದು ಪ್ರಾಡಕ್ಟ್ ತಂಡದವರ ಜೊತೆ ಕೂತು ಮಾತಾಡಿದರಷ್ಟೇ ತಿಳಿಯುತ್ತದೆ.

ಡೆವಲಪರ್ ಜೊತೆ ಮಾತು

ದೋಷ ಸರಿಪಡಿಸಲು ಕೇಳಿ ಟಿಕೆಟ್ ಹಾಕಿದಿರಿ. ಬ್ಯಾಕೆಂಡ್ ಡೆವಲಪರ್ ಚಾಟ್‌ನಲ್ಲಿ ಬರುತ್ತಾರೆ. "ಲಾಗಿನ್ ಇದೆಯಲ್ಲ ಗುರು, ಟೋಕನ್ ಇಲ್ದೆ ಒಳಗೇ ಬರೋಕಾಗಲ್ಲ." (ಟೋಕನ್ ಎಂದರೆ ಲಾಗಿನ್ ಆದವರಿಗೆ ಸರ್ವರ್ ಕೊಡುವ ಗುರುತು.) ಈ ಮಾತು ಬಂದೇ ಬರುತ್ತದೆ, ಅದಕ್ಕೆ ಸಿಡುಕಬೇಡಿ. "ಹೌದು, ಬಂದವರು ಯಾರು ಅಂತ ನೋಡ್ತಿದೀವಿ. ಅವರು ಕೇಳ್ತಿರೋ ವರದಿ ಅವರದೇನಾ ಅಂತ ಎಲ್ಲೂ ನೋಡ್ತಿಲ್ಲ" ಎಂದು ಹೇಳಿ, ಎರಡು ಪರೀಕ್ಷಾ ಖಾತೆಗಳಿಂದ ಅವರ ಸ್ಕ್ರೀನ್ ಮೇಲೇ ಮಾಡಿ ತೋರಿಸಿ. ಕಣ್ಣಾರೆ ಕಂಡಮೇಲೆ ವಾದ ಉಳಿಯುವುದಿಲ್ಲ.

ಆಮೇಲೆ ಬರುವುದು, "ಸರಿ, ಸಂಖ್ಯೆ ಬದಲು ಯುಯುಐಡಿ ಹಾಕ್ಬಿಡ್ತೀನಿ, ಊಹಿಸೋಕೇ ಆಗಲ್ಲ." ಯುಯುಐಡಿ ಎಂದರೆ ಉದ್ದನೆಯ, ಕ್ರಮವಿಲ್ಲದ ಐಡಿ; ಊಹಿಸುವುದು ಕಷ್ಟವಾಗುತ್ತದೆ, ನಿಜ. ಆದರೆ ಆ ಐಡಿ ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಆದ ಲಿಂಕ್‌ನಲ್ಲಿ, ಸರ್ವರ್ ಲಾಗ್‌ನಲ್ಲಿ, ಇನ್ನೊಂದು ಎಪಿಐಯ ಉತ್ತರದಲ್ಲಿ ಹೊರಬೀಳುತ್ತಲೇ ಇರುತ್ತದೆ. ಹಾಕಿದರೆ ಒಳ್ಳೆಯದೇ, ಅದನ್ನೇ ಪರಿಹಾರ ಎಂದು ಒಪ್ಪಬೇಡಿ.

ಪರಿಹಾರ ಕ್ವೆರಿಯಲ್ಲೇ ಇದೆ. ವರದಿ ಸಂಖ್ಯೆ ಇದಾಗಿರಬೇಕು, ಜೊತೆಗೆ ರೋಗಿಯ ಐಡಿ ಸೆಷನ್‌ನಲ್ಲಿರುವ ಐಡಿಯೇ ಆಗಿರಬೇಕು ಎಂಬ ಎರಡನೆಯ ಷರತ್ತು. ಆ ಐಡಿ ಸರ್ವರ್ ಪರಿಶೀಲಿಸಿದ ಟೋಕನ್‌ನಿಂದ ಬರಬೇಕು, ವಿನಂತಿಯಲ್ಲಿ ಆ್ಯಪ್ ಕಳಿಸಿದ ಇನ್ನೊಂದು ಪ್ಯಾರಾಮೀಟರ್‌ನಿಂದಲ್ಲ. ಅವಸರದ ಪ್ಯಾಚ್‌ಗಳು ಹೆಚ್ಚಾಗಿ ಎಡವುವುದು ಇಲ್ಲೇ. ಹೊಂದಿಕೆಯಾಗದಿದ್ದಾಗ 403ರ (ಅನುಮತಿ ಇಲ್ಲ) ಬದಲು 404 (ಸಿಗಲಿಲ್ಲ) ಕೊಟ್ಟರೆ ಅಂಥ ವರದಿ ಇದೆಯೆಂಬ ಸುಳಿವೂ ಸಿಗುವುದಿಲ್ಲ.

ಒಂದು ಎಂಡ್‌ಪಾಯಿಂಟ್, ಅಂದರೆ ಎಪಿಐಯ ಒಂದು ವಿಳಾಸ, ಸರಿಹೋಯಿತು. ವರದಿಯ ಪಿಡಿಎಫ್ ಇಳಿಸುವ ಎಂಡ್‌ಪಾಯಿಂಟ್? ಇಮೇಲ್‌ಗೆ ಕಳಿಸುವುದು? ರದ್ದು ಮಾಡುವುದು? ಪ್ರತಿ ಡೆವಲಪರ್ ಪ್ರತಿ ಸಲ ನೆನಪಿಟ್ಟುಕೊಂಡು ಷರತ್ತು ಹಾಕಬೇಕೆಂದರೆ ಒಂದಲ್ಲ ಒಂದು ಕಡೆ ತಪ್ಪುತ್ತದೆ, ಅದು ಅವರ ಅಸಡ್ಡೆಯಲ್ಲ. ಹಾಗಾಗಿ ವರದಿ ತರುವ ಫಂಕ್ಷನ್‌ಗೆ ಬಳಕೆದಾರರ ಐಡಿ ಕೊಡದೆ ಕರೆಯಲು ಸಾಧ್ಯವೇ ಆಗದಂತೆ ಬರೆಯೋಣ ಎಂದು ಟೆಕ್ ಲೀಡ್ ಜೊತೆ ಮಾತಾಡಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ ಆಗಿದ್ದರೆ, ಯಾರು ಯಾವ ಸಾಲು ನೋಡಬಹುದೆಂಬ ಸಾಲುಮಟ್ಟದ ಭದ್ರತೆಯನ್ನು (ರೋ ಲೆವೆಲ್ ಸೆಕ್ಯುರಿಟಿ) ಅದರಲ್ಲೇ ಹಾಕಬಹುದು. ಕೊನೆಗೆ ಒಂದು ಟೆಸ್ಟ್: 'ಅ' ಬಳಕೆದಾರರ ಟೋಕನ್‌ನಲ್ಲಿ 'ಬ' ಬಳಕೆದಾರರ ವರದಿ ಕೇಳಬೇಕು, ಸಿಗಬಾರದು. ಇದು ಸಿಐನಲ್ಲಿ, ಅಂದರೆ ಕೋಡ್ ಬದಲಾದಾಗೆಲ್ಲ ತಾನಾಗಿ ನಡೆಯುವ ತಪಾಸಣೆಯಲ್ಲಿ, ಓಡುತ್ತಿದ್ದರೆ ನೀವು ಕಂಪನಿ ಬಿಟ್ಟಮೇಲೂ ಕಾಯುತ್ತದೆ.

ಟಿಕೆಟ್ ಬರೆಯುವ ಬಗೆಯೂ ಮುಖ್ಯ. ಸ್ಕ್ಯಾನರ್ ಉಗುಳಿದ ಉದ್ದದ ಪಿಡಿಎಫ್ ಅಂಟಿಸಿ ತೀವ್ರತೆ "ಹೈ" ಎಂದು ಬರೆದರೆ ಅದು ಬ್ಯಾಕ್‌ಲಾಗ್‌ನ, ಅಂದರೆ ಬಾಕಿ ಕೆಲಸಗಳ ಪಟ್ಟಿಯ, ತಳ ಸೇರುತ್ತದೆ. "ಯಾವ ಗ್ರಾಹಕರು ಬೇಕಾದರೂ ಉಳಿದ ಎಲ್ಲ ಗ್ರಾಹಕರ ವರದಿ ಓದಬಹುದು" ಎಂಬುದು ಮೊದಲ ಸಾಲಾಗಲಿ. ಕಾಪಿ ಮಾಡಿ ಓಡಿಸಬಹುದಾದ ವಿನಂತಿ, ಫೈಲ್ ಮತ್ತು ಫಂಕ್ಷನ್ ಹೆಸರು, ಸಾಧ್ಯವಾದರೆ ನೀವೇ ತೆರೆದ ಪುಲ್ ರಿಕ್ವೆಸ್ಟ್ (ಕೋಡ್ ತಿದ್ದುಪಡಿಯ ಪ್ರಸ್ತಾವ) ಜೊತೆಗಿರಲಿ. ಕೋಡ್ ಓದಲು, ಒಂದಿಷ್ಟಾದರೂ ಬರೆಯಲು ಬಾರದವರಿಗೆ ಈ ಕೆಲಸ ಕಷ್ಟ ಎಂದು ನಾನು ಹೇಳುವುದು ಇದಕ್ಕೇ. "ಇದನ್ನ ಬರೆದೋರು ಯಾರು?" ಎಂದು ಮೀಟಿಂಗ್‌ನಲ್ಲಿ ಎಂದೂ ಕೇಳಬೇಡಿ. ಹಾಗೆ ಕೇಳಿಸಿಕೊಂಡವರು ಮುಂದಿನ ಸಲ ಅನುಮಾನ ಬಂದರೂ ನಿಮ್ಮ ಹತ್ತಿರ ಹೇಳುವುದಿಲ್ಲ.

ವಿನ್ಯಾಸ ಬೋರ್ಡ್ ಮೇಲಿರುವಾಗಲೇ

ಅದೇ ತಂಡ ಈಗ ಹೊಸದೊಂದನ್ನು ಕಟ್ಟಲು ಹೊರಟಿದೆ: ವರದಿಯನ್ನು ಮನೆ ಡಾಕ್ಟರಿಗೆ ಲಿಂಕ್ ಮೂಲಕ ಕಳಿಸುವ ಸೌಲಭ್ಯ. ಕೋಡ್ ಬರೆಯುವ ಮೊದಲೇ ಆ ಚರ್ಚೆಗೆ ನಿಮ್ಮನ್ನು ಕರೆದರೆ ನಿಮ್ಮ ಮೇಲೆ ನಂಬಿಕೆ ಬಂದಿದೆ ಎಂದರ್ಥ. ಅಲ್ಲಿ ಏನೇನು ಕೇಡಾಗಬಹುದೆಂದು ಮೊದಲೇ ಯೋಚಿಸುವ ಥ್ರೆಟ್ ಮಾಡೆಲಿಂಗ್‌ಗೆ ಸ್ಟ್ರೈಡ್ ಎಂಬ ಪಟ್ಟಿ ಸಾಕು. ಮೈಕ್ರೋಸಾಫ್ಟ್‌ನಲ್ಲಿ 1999ರಲ್ಲಿ ರೂಪುಗೊಂಡ ಇದು ಆರು ಬಗೆಯ ಕೇಡುಗಳ ಬಗ್ಗೆ ಕೇಳುತ್ತದೆ: ಇನ್ನೊಬ್ಬರ ವೇಷ ಹಾಕುವುದು, ಮಾಹಿತಿ ತಿದ್ದುವುದು, ಮಾಡಿ "ನಾನು ಮಾಡಿಲ್ಲ" ಎನ್ನುವುದು, ಸೋರಿಕೆ, ಸೇವೆ ನಿಲ್ಲಿಸುವುದು, ಇಲ್ಲದ ಅಧಿಕಾರ ಪಡೆಯುವುದು. ಆರನ್ನೂ ಪಾಠ ಒಪ್ಪಿಸಿದಂತೆ ಹೇಳಬೇಕಿಲ್ಲ. ಲಿಂಕ್ ಎಷ್ಟು ದಿನ ಬದುಕಿರುತ್ತದೆ, ರೋಗಿ ಅದನ್ನು ಹಿಂಪಡೆಯಬಹುದೇ, ಡಾಕ್ಟರ್ ಅದನ್ನು ಮುಂದಕ್ಕೆ ಕಳಿಸಿದರೆ ಏನಾಗುತ್ತದೆ? ಇಷ್ಟು ಕೇಳಿದರೆ ವಿನ್ಯಾಸವೇ ಬದಲಾಗುತ್ತದೆ.

ಸಾಧನಗಳ ಬಗ್ಗೆ ಚಿಕ್ಕದಾಗಿ. ಸೆಮ್‌ಗ್ರೆಪ್ ಅಥವಾ ಕೋಡ್‌ಕ್ಯೂಎಲ್ ಎಂಬ ಸ್ಯಾಸ್ಟ್ ಸಾಧನ ಕಲಿಯಿರಿ, ಆದರೆ ಸೇರಿಸಿದ ದಿನವೇ ಅದರ ಎಚ್ಚರಿಕೆಗೆ ಬಿಲ್ಡ್ ನಿಲ್ಲುವಂತೆ ಮಾಡಬೇಡಿ. ಹೊಸದಾಗಿ ಬದಲಾದ ಕೋಡಿಗೆ ಮಾತ್ರ, ಖಚಿತವಾದ ಕೆಲವೇ ನಿಯಮಗಳಿಂದ ಶುರುಮಾಡಿ. ಶುಕ್ರವಾರ ಸಂಜೆ ಸುಳ್ಳು ಎಚ್ಚರಿಕೆಯಿಂದ ರಿಲೀಸ್ ನಿಂತರೆ ಸೋಮವಾರ ಆ ಸಾಧನವನ್ನೇ ಕಿತ್ತುಹಾಕಿರುತ್ತಾರೆ.

ಲೈಬ್ರರಿಗಳ ವಿಷಯಕ್ಕೆ 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯಲ್ಲಿ ಬಯಲಾದ ಲಾಗ್4ಶೆಲ್ ದೋಷದ ಬಗ್ಗೆ ಓದಿ. ಲಾಗ್ ಆಗುವ ಪಠ್ಯದಲ್ಲಿ ಹೊರಗಿನ ಸರ್ವರ್‌ನತ್ತ ಬೊಟ್ಟು ಮಾಡುವ ಒಂದು ವಿಶೇಷ ಜೆಎನ್‌ಡಿಐ ಉಲ್ಲೇಖ ಸೇರಿಸಿದರೆ ಸಾಕಿತ್ತು, ದಾಳಿಕೋರರ ಕೋಡ್ ಸರ್ವರ್‌ನಲ್ಲಿ ಓಡಬಹುದಿತ್ತು. ತೀವ್ರತೆಯ ಅಂಕ 10ಕ್ಕೆ ಪೂರ್ತಿ 10. ಮೊದಲ ತಿದ್ದುಪಡಿ 2.15.0 ಸಾಲದೆ 2.16.0, ಅದರ ಬೆನ್ನಿಗೇ 2.17.0 ಬಂದವು. ಆವೃತ್ತಿ ಬದಲಿಸುವುದಕ್ಕಿಂತ ಮೊದಲು ಉತ್ತರಿಸಬೇಕಾದ ಪ್ರಶ್ನೆ, "ನಮ್ಮ ಯಾವ್ಯಾವ ಸೇವೆಯಲ್ಲಿ ಇದು ಇದೆ?" ಲೈಬ್ರರಿಯ ಒಳಗಿನ ಲೈಬ್ರರಿಯಾಗಿ ಬಂದದ್ದನ್ನು ನೆನಪಿನಿಂದ ಹೇಳಲಾಗದು. ಯಾವ್ಯಾವ ಲೈಬ್ರರಿ ಸೇರಿದೆ ಎಂಬ ಎಸ್‌ಬಾಮ್ ಪಟ್ಟಿ ಬಿಲ್ಡ್‌ನಲ್ಲೇ ತಯಾರಾಗುತ್ತಿದ್ದರೆ ಉತ್ತರ ಸಿದ್ಧವಿರುತ್ತದೆ.

ಕಾನೂನು ಕೇಳುವುದು

ಮತ್ತೆ 88214ಕ್ಕೆ ಬರೋಣ. ಸರಿಪಡಿಸುವ ಮೊದಲೇ ಯಾರಾದರೂ ಬಳಸಿಕೊಂಡಿದ್ದರೆ? ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಅದು ಪಟ್ಟಿಮಾಡಿದ ಬಗೆಯ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸೂಕ್ತ ಭದ್ರತಾ ಕ್ರಮ ಇಲ್ಲದ್ದಕ್ಕೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ನಿಮ್ಮ ಲಾಗ್‌ನಲ್ಲಿ "200, ವರದಿ ಎಪಿಐ" ಎಂದಷ್ಟೇ ಇದ್ದರೆ ಎಷ್ಟು ಜನರ ವರದಿ ಹೋಯಿತೆಂದು ಹೇಳಲಾರಿರಿ. ಯಾವ ಬಳಕೆದಾರರು, ಯಾವ ವರದಿ ಸಂಖ್ಯೆ, ಯಾವಾಗ: ಈ ಮೂರೂ ಇರಬೇಕು. ವರದಿಯ ಒಳಗಿನದು ಲಾಗ್‌ನಲ್ಲಿ ಇರಬಾರದು.

ಅಭ್ಯಾಸ

ಕಲಿಯಲೆಂದೇ ದೋಷಗಳನ್ನಿಟ್ಟು ಮಾಡಿದ ಓವಾಸ್ಪ್ ಜ್ಯೂಸ್ ಶಾಪ್ ಆ್ಯಪ್ ಅನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡಿಸಿ. ಅದರಲ್ಲಿ ಇನ್ನೊಬ್ಬರ ಬುಟ್ಟಿ ನೋಡುವ ಸವಾಲಿದೆ, ಮೇಲೆ ಹೇಳಿದ ದೋಷವೇ. ಬರ್ಪ್ ಸೂಟ್ ಮಾಡುವ ಪೋರ್ಟ್‌ಸ್ವಿಗರ್‌ನ ವೆಬ್ ಸೆಕ್ಯುರಿಟಿ ಅಕಾಡೆಮಿಯಲ್ಲೂ ಆಕ್ಸೆಸ್ ಕಂಟ್ರೋಲ್ ಲ್ಯಾಬ್‌ಗಳು ಉಚಿತ. ಬೆಂಗಳೂರಿನಲ್ಲಿದ್ದರೆ ನಲ್ (ಸೆಕ್ಯುರಿಟಿ ಆಸಕ್ತರ ಬಳಗ) ಮತ್ತು ಓವಾಸ್ಪ್ ಶಾಖೆಗಳ ಸಭೆಗಳಿಗೆ ಹೋಗಿ, ಈಗಾಗಲೇ ಈ ಕೆಲಸ ಮಾಡುತ್ತಿರುವವರು ಅಲ್ಲಿ ಮಾತಿಗೆ ಸಿಗುತ್ತಾರೆ. ಜ್ಯೂಸ್ ಶಾಪ್‌ನಲ್ಲಿ ಬುಟ್ಟಿ ತೆರೆದುಕೊಂಡಮೇಲೆ ಮುಂದಿನ ಸವಾಲಿಗೆ ಹೋಗಬೇಡಿ. ಅದರ ಮೂಲ ಕೋಡ್ ತೆರೆದು ಇಲ್ಲದ ಸಾಲು ಎಲ್ಲಿರಬೇಕಿತ್ತು ಎಂದು ಹುಡುಕಿ, ಬರೆಯಿರಿ, ಎರಡು ಖಾತೆಗಳ ಟೆಸ್ಟ್ ಸೇರಿಸಿ. ಆಮೇಲೆ ಆ ದೋಷದ ಟಿಕೆಟನ್ನು ಐದಾರು ಸಾಲಿನಲ್ಲಿ ಬರೆದು, ಸೆಕ್ಯುರಿಟಿ ಗೊತ್ತಿಲ್ಲದ ಡೆವಲಪರ್ ಗೆಳೆಯರೊಬ್ಬರಿಗೆ ಕೊಟ್ಟು, ನಿಮ್ಮನ್ನು ಏನೂ ಕೇಳದೆ ಅವರು ಅದನ್ನು ಸರಿಪಡಿಸಬಲ್ಲರೇ ನೋಡಿ.