‘ಯಹೂದಿ’ ಎಂಬ ಪದವೇ ಇಲ್ಲದ ಭಾಷಣ ಯಹೂದಿ ದ್ವೇಷವಾಗುವುದು ಹೇಗೆ?

ಪ್ರಶ್ನೆ: ಯುರೋಪು, ಅಮೆರಿಕಗಳ ಚುನಾವಣಾ ಸುದ್ದಿಗಳಲ್ಲಿ ‘ಯಹೂದಿ ದ್ವೇಷದ ಸಂಕೇತ ಭಾಷೆ’ ಎಂಬ ಆರೋಪ ಆಗಾಗ ಕೇಳಿಬರುತ್ತದೆ. ಆದರೆ ಆ ಭಾಷಣಗಳನ್ನು ಓದಿ ನೋಡಿದರೆ ಯಹೂದಿಗಳ ಹೆಸರೇ ಇರುವುದಿಲ್ಲ. ಹಣವಂತರನ್ನೋ ಜಾಗತಿಕ ಶಕ್ತಿಗಳನ್ನೋ ಟೀಕಿಸಿರುತ್ತಾರೆ, ಅಷ್ಟೆ. ಜಾರ್ಜ್ ಸೊರೊಸ್ ಅವರಂಥ ಶ್ರೀಮಂತರನ್ನು ಟೀಕಿಸಿದರೆ ಅದು ಯಹೂದಿ ದ್ವೇಷ ಹೇಗಾಗುತ್ತದೆ?

ಉತ್ತರ: ಸೊರೊಸ್ ಅವರನ್ನು ಟೀಕಿಸಿದ ಮಾತ್ರಕ್ಕೆ ಯಾರೂ ಯಹೂದಿ ದ್ವೇಷಿಯಾಗುವುದಿಲ್ಲ. 1992ರಲ್ಲಿ ಬ್ರಿಟನ್ನಿನ ಪೌಂಡ್ ಕುಸಿಯುತ್ತದೆಂದು ಪಣ ಕಟ್ಟಿ ಸುಮಾರು ನೂರು ಕೋಟಿ ಡಾಲರ್ ಲಾಭ ಮಾಡಿಕೊಂಡ, ಯಹೂದಿ ಕುಟುಂಬದಲ್ಲಿ ಹುಟ್ಟಿದ ಅಮೆರಿಕನ್ ಹೂಡಿಕೆದಾರ ಅವರು. ತಮ್ಮ ದತ್ತಿಸಂಸ್ಥೆಯಾದ ಓಪನ್ ಸೊಸೈಟಿ ಫೌಂಡೇಷನ್ಸ್ ಮೂಲಕ ಹತ್ತಾರು ದೇಶಗಳಲ್ಲಿ ಹಣ ಹಂಚಿದವರು, ಅಮೆರಿಕದ ಡೆಮಾಕ್ರಟಿಕ್ ಪಕ್ಷಕ್ಕೆ ದೊಡ್ಡ ದೇಣಿಗೆ ಕೊಟ್ಟವರು. ಇಷ್ಟು ಹಣ ರಾಜಕೀಯದೊಳಗೆ ಹರಿಯುವಾಗ ಅದು ಯಾರಿಗೆ, ಯಾಕೆ ಹೋಯಿತೆಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಒಬ್ಬ ವ್ಯಕ್ತಿ ಮಾಡಿದ ಕೆಲಸವನ್ನು ಪಕ್ಕಕ್ಕಿಟ್ಟು, ಶತಮಾನಗಳಿಂದ ಯಹೂದಿಗಳ ತಲೆಗೆ ಕಟ್ಟುತ್ತ ಬಂದ ಕಥೆಯೊಂದನ್ನು ಆ ವ್ಯಕ್ತಿಯ ಹೆಸರಿನಲ್ಲಿ ಮತ್ತೆ ಹೇಳತೊಡಗಿದಾಗ ತೊಂದರೆ ಶುರುವಾಗುತ್ತದೆ. ಆ ಕಥೆ ಗೊತ್ತಿರುವವರಿಗೆ ಯಹೂದಿ ಎಂಬ ಪದ ಬೇಕಾಗುವುದಿಲ್ಲ. ಗೊತ್ತಿಲ್ಲದವರಿಗೆ ಅದು ಸಾಮಾನ್ಯ ರಾಜಕೀಯ ಟೀಕೆಯಂತೆ ಕೇಳಿಸುತ್ತದೆ. ಇಂಥ ಮಾತಿಗೆ ಇಂಗ್ಲಿಷಿನ ರಾಜಕೀಯ ವರದಿಗಾರರು ‘ಡಾಗ್ ವಿಸಲ್’ (ನಾಯಿಗೆ ಮಾತ್ರ ಕೇಳಿಸುವ ಸೀಟಿ) ಎನ್ನುತ್ತಾರೆ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಲು ಹಂಗೆರಿಯ ಉದಾಹರಣೆಯಷ್ಟು ಸ್ಪಷ್ಟವಾದದ್ದು ಇತ್ತೀಚಿನ ವರ್ಷಗಳಲ್ಲಿ ಇನ್ನೊಂದಿಲ್ಲ. ಅಲ್ಲಿನ ಸಂಸತ್ ಚುನಾವಣೆ 2018ರ ಏಪ್ರಿಲ್ 8ರಂದು ನಡೆಯಿತು. ಅದಕ್ಕೆ ಮೂರು ವಾರ ಮೊದಲು, ಮಾರ್ಚ್ 15ರ ರಾಷ್ಟ್ರೀಯ ಹಬ್ಬದ ದಿನ, ಆಗಿನ ಪ್ರಧಾನಿ ವಿಕ್ಟರ್ ಓರ್ಬಾನ್ ಬುಡಾಪೆಸ್ಟಿನ ಸಂಸತ್ ಭವನದ ಎದುರು ದೊಡ್ಡ ಜನಸ್ತೋಮದ ಮುಂದೆ ಮಾತನಾಡಿ, ತಮ್ಮ ಎದುರಾಳಿ ಎಂಥವನು ಎಂದು ವರ್ಣಿಸಿದರು. ಅವನು ನೇರವಾಗಿ ಹೋರಾಡುವವನಲ್ಲ, ಅಡಗಿ ಹೋರಾಡುವವನು, ಅವನಿಗೆ ಪ್ರಾಮಾಣಿಕತೆಯಿಲ್ಲ, ಅವನು ರಾಷ್ಟ್ರಕ್ಕೆ ಸೇರಿದವನಲ್ಲ, ಅಂತರರಾಷ್ಟ್ರೀಯನು, ದುಡಿಮೆಯಲ್ಲಿ ನಂಬಿಕೆಯಿಲ್ಲದೆ ಹಣದ ಸಟ್ಟಾ ಆಡುವವನು, ತನ್ನದೆಂಬ ತಾಯ್ನಾಡಿಲ್ಲದಿದ್ದರೂ ಇಡೀ ಜಗತ್ತು ತನ್ನದೇ ಎಂದು ಭಾವಿಸುವವನು. ಆ ಮಾತುಗಳ ಸಾರ ಇದು. ಯಹೂದಿ ಎಂಬ ಶಬ್ದ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಆ ವಿಶೇಷಣಗಳನ್ನು ಒಂದೊಂದಾಗಿ ನೋಡೋಣ. ಹಣದ ಸಟ್ಟಾ ಎಂಬುದರ ಬೇರು ಮಧ್ಯಯುಗದಲ್ಲಿದೆ. ಯುರೋಪಿನ ಹಲವೆಡೆ ಯಹೂದಿಗಳು ಭೂಮಿ ಹೊಂದುವಂತಿರಲಿಲ್ಲ, ಕಸುಬುದಾರರ ಸಂಘಗಳಿಗೆ ಸೇರುವಂತಿರಲಿಲ್ಲ. ಕ್ರೈಸ್ತರು ಬಡ್ಡಿ ತೆಗೆದುಕೊಳ್ಳುವುದನ್ನು ಚರ್ಚ್ ಪಾಪವೆಂದು ಸಾರಿತ್ತು. ಹೀಗೆ ಉಳಿದ ದಾರಿಗಳನ್ನೆಲ್ಲ ಮುಚ್ಚಿ ಒಂದು ಸಮುದಾಯದ ಕೆಲವರನ್ನು ಲೇವಾದೇವಿಯ ಕಡೆಗೆ ತಳ್ಳಿದ ಸಮಾಜವೇ ಮುಂದೆ ಅದನ್ನು ಆ ಇಡೀ ಸಮುದಾಯದ ಹುಟ್ಟುಗುಣವೆಂದು ದೂರಿತು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಥ್ಸ್‌ಚೈಲ್ಡ್ ಎಂಬ ಯಹೂದಿ ಮನೆತನದ ಬ್ಯಾಂಕುಗಳು ಪ್ರಸಿದ್ಧವಾದಾಗ ಅದೇ ದೂರಿಗೆ ಒಂದು ಮನೆತನದ ಹೆಸರು ಸಿಕ್ಕಿತು. ಅಡಗಿ ಕೆಲಸ ಮಾಡುವವನು, ಇಡೀ ಜಗತ್ತನ್ನು ತನ್ನದೆನ್ನುವವನು ಎಂಬ ಆರೋಪಗಳಿಗೆ ಅತಿ ಹೆಚ್ಚು ಪ್ರಚಾರ ಕೊಟ್ಟದ್ದು 1903ರಲ್ಲಿ ರಷ್ಯಾದ ಪತ್ರಿಕೆಯೊಂದರಲ್ಲಿ ಮೊದಲು ಬೆಳಕಿಗೆ ಬಂದ ‘ಪ್ರೊಟೊಕಾಲ್ಸ್ ಆಫ್ ದಿ ಎಲ್ಡರ್ಸ್ ಆಫ್ ಝಯಾನ್’ ಎಂಬ ಖೋಟಾ ದಾಖಲೆ. ಯಹೂದಿ ಹಿರಿಯರು ರಹಸ್ಯವಾಗಿ ಸಭೆ ಸೇರಿ ಲೋಕವನ್ನೆಲ್ಲ ವಶಪಡಿಸಿಕೊಳ್ಳಲು ಸಂಚು ಹೂಡಿದ್ದಾರೆಂಬುದು ಅದರ ಹೂರಣ. ಯಹೂದಿಗಳಿಗೆ ಯಾವ ಸಂಬಂಧವೂ ಇಲ್ಲದ ಹಳೆಯ ಫ್ರೆಂಚ್ ರಾಜಕೀಯ ವಿಡಂಬನೆಯೊಂದರಿಂದ ಅದರ ಪುಟಗಳನ್ನು ಕದ್ದು ಹೊಸೆಯಲಾಗಿದೆ ಎಂದು ಲಂಡನ್ನಿನ ‘ದಿ ಟೈಮ್ಸ್’ 1921ರಲ್ಲೇ ಸಾಬೀತುಪಡಿಸಿತು. ಅಷ್ಟರಲ್ಲಾಗಲೇ ಅಮೆರಿಕದ ಕಾರು ಉದ್ಯಮಿ ಹೆನ್ರಿ ಫೋರ್ಡ್ ತಮ್ಮ ಪತ್ರಿಕೆಯ ಮೂಲಕ ಆ ಕಥೆಯನ್ನು ಹರಡತೊಡಗಿದ್ದರು; ಮುಂದೆ ನಾಜಿಗಳೂ ಅದನ್ನು ಧಾರಾಳವಾಗಿ ಬಳಸಿಕೊಂಡರು.

ತಾಯ್ನಾಡಿಲ್ಲದವನು ಎಂಬ ಮಾತಿಗೆ ಇನ್ನೊಂದು ಮೂಲವೂ ಇದೆ. ಹಂಗೆರಿಯಂತೆ ಸೋವಿಯತ್ ಹಿಡಿತದಲ್ಲಿ ಬಾಳಿದ ನಾಡುಗಳ ಹಿರಿಯರಿಗೆ ಅದು ಚೆನ್ನಾಗಿ ನೆನಪಿದೆ. ಸ್ಟಾಲಿನ್ ಆಡಳಿತದ ಕೊನೆಯ ವರ್ಷಗಳಲ್ಲಿ, 1949ರ ಆರಂಭದಿಂದ, ಸೋವಿಯತ್ ಪತ್ರಿಕೆಗಳು ‘ಬೇರಿಲ್ಲದ ವಿಶ್ವಪ್ರಜೆಗಳು’ ಎಂದು ರಂಗಭೂಮಿಯ ವಿಮರ್ಶಕರನ್ನೂ ಲೇಖಕರನ್ನೂ ಜರೆಯತೊಡಗಿದವು. ವರ್ಣಭೇದ, ಜನಾಂಗಭೇದಗಳನ್ನು ಅಧಿಕೃತವಾಗಿ ಖಂಡಿಸುತ್ತಿದ್ದ ದೇಶದಲ್ಲಿ ಯಹೂದಿಗಳೆಂದು ನೇರವಾಗಿ ಬೈಯುವಂತಿರಲಿಲ್ಲ. ಆದ್ದರಿಂದ ಕಾವ್ಯನಾಮದಿಂದ ಬರೆಯುತ್ತಿದ್ದ ಲೇಖಕನ ರಷ್ಯನ್ ಹೆಸರಿನ ಪಕ್ಕದಲ್ಲಿ ಆವರಣ ಚಿಹ್ನೆ ಹಾಕಿ, ಅವನ ಹುಟ್ಟಿನ ಯಹೂದಿ ಹೆಸರನ್ನು ಮುದ್ರಿಸುತ್ತಿದ್ದರು. ಓದುಗನಿಗೆ ಅಷ್ಟೇ ಸಾಕಾಗುತ್ತಿತ್ತು. 2016ರ ಅಮೆರಿಕದ ಚುನಾವಣೆಯ ಹೊತ್ತಿಗೆ ಅಂತರ್ಜಾಲದ ಬಿಳಿಯ ಜನಾಂಗವಾದಿಗಳು ಯಹೂದಿ ಪತ್ರಕರ್ತರ ಹೆಸರುಗಳನ್ನು ಮೂರು ಮೂರು ಆವರಣ ಚಿಹ್ನೆಗಳ ನಡುವೆ ಬರೆದು ತಮ್ಮವರಿಗೆ ಗುರುತು ಮಾಡಿಕೊಡುತ್ತಿದ್ದರು. ಇಬ್ಬರ ಸಿದ್ಧಾಂತಗಳೂ ಒಂದಕ್ಕೊಂದು ಕಡುವೈರಿಗಳಾಗಿದ್ದರೂ ಉಪಾಯ ಮಾತ್ರ ಒಂದೇ ಆಗಿತ್ತು ಎಂಬುದು ನನ್ನನ್ನು ಇಂದಿಗೂ ಕಂಗೆಡಿಸುತ್ತದೆ.

ಇಷ್ಟನ್ನು ಗಮನದಲ್ಲಿಟ್ಟುಕೊಂಡು ಓರ್ಬಾನ್ ಭಾಷಣದ ಆ ವರ್ಣನೆಯನ್ನು ಮತ್ತೊಮ್ಮೆ ಓದಿದರೆ, ಅದರಲ್ಲಿ ಸೊರೊಸ್ ಎಂಬ ಒಬ್ಬ ಮನುಷ್ಯನ ಯಾವ ಕೃತ್ಯವೂ ಇಲ್ಲವೆಂಬುದು ಕಾಣುತ್ತದೆ. ಅಲ್ಲಿರುವುದು ಒಂದು ಸ್ವಭಾವಚಿತ್ರ. ಆ ಚಿತ್ರದ ಪ್ರತಿಯೊಂದು ಗೆರೆಯೂ ಹಳೆಯ ದೂಷಣೆಯಿಂದ ಬಂದದ್ದು. ಆ ಚಿತ್ರ ಯಾರದೆಂದು ಕೇಳುಗರಿಗೆ ಹೇಳಿಕೊಡಬೇಕಾದ ಅಗತ್ಯವೂ ಇರಲಿಲ್ಲ, ಏಕೆಂದರೆ 2017ರ ಜುಲೈ ತಿಂಗಳಲ್ಲಿಯೇ ಸರ್ಕಾರ ತನ್ನ ಖರ್ಚಿನಲ್ಲಿ ದೇಶದ ತುಂಬ ಸೊರೊಸ್ ನಗುಮುಖದ ದೊಡ್ಡ ದೊಡ್ಡ ಫಲಕಗಳನ್ನು ನಿಲ್ಲಿಸಿತ್ತು. ಕೊನೆಯ ನಗು ಸೊರೊಸ್‌ನದಾಗಲು ಬಿಡಬಾರದು ಎಂಬುದು ಅವುಗಳ ಘೋಷಣೆ. ಬುಡಾಪೆಸ್ಟಿನ ಟ್ರಾಮ್‌ಗಳಲ್ಲಿ ಅದನ್ನು ನೆಲಕ್ಕೂ ಅಂಟಿಸಿದ್ದರಿಂದ ಪ್ರಯಾಣಿಕರು ಆ ಮುಖವನ್ನು ತುಳಿದುಕೊಂಡೇ ಹತ್ತಿ ಇಳಿಯಬೇಕಾಯಿತು. ಕೆಲವು ಫಲಕಗಳ ಮೇಲೆ ಯಾರೋ ‘ನಾರುವ ಯಹೂದಿ’ ಎಂದು ಕೈಯಿಂದ ಬರೆದರು. ಸರ್ಕಾರ ಬರೆಯದೆ ಬಿಟ್ಟಿದ್ದ ಪದವನ್ನು ದಾರಿಹೋಕರು ತುಂಬಿದರು. ಸಂಕೇತ ಭಾಷೆ ಕೇಳುಗನಿಗೆ ತಲುಪಿತೇ ಇಲ್ಲವೇ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ಗೊತ್ತಿಲ್ಲ. ಹಂಗೆರಿಯ ಯಹೂದಿ ಸಮುದಾಯದ ಒಕ್ಕೂಟ ಆ ಫಲಕಗಳನ್ನು ತೆಗೆಸಬೇಕೆಂದು ಪ್ರಧಾನಿಯನ್ನು ಕೇಳಿಕೊಂಡಿತು. 1944ರ ಮೇ ತಿಂಗಳಿನಿಂದ ಜುಲೈವರೆಗಿನ ಎಂಟು ವಾರಗಳಲ್ಲಿ ಸುಮಾರು 4,37,000 ಯಹೂದಿಗಳನ್ನು ರೈಲಿಗೆ ತುಂಬಿ, ಬಹುಪಾಲು ನಾಜಿಗಳ ಔಶ್ವಿಟ್ಜ್ ಹತ್ಯಾ ಶಿಬಿರಕ್ಕೆ ಸಾಗಿಸಿದ ದೇಶವದು. 1930ರಲ್ಲಿ ಬುಡಾಪೆಸ್ಟಿನಲ್ಲಿಯೇ ಹುಟ್ಟಿದ ಸೊರೊಸ್ 1944ರಲ್ಲಿ ಗುರುತು ಮರೆಸಿಕೊಂಡು ಬದುಕುಳಿದ ಹುಡುಗರಲ್ಲೊಬ್ಬರು.

ಸರ್ಕಾರದ ವಾದವನ್ನೂ ಇಲ್ಲಿ ಹೇಳಬೇಕು. ತಮ್ಮ ವಿರೋಧ ವಲಸೆ ನೀತಿಗೆ ಸಂಬಂಧಿಸಿದ್ದು, ಸೊರೊಸ್ ಯಾವ ಮತದವರು ಎಂಬುದು ಲೆಕ್ಕಕ್ಕಿಲ್ಲ, ಯಹೂದಿ ದ್ವೇಷವನ್ನು ತಾವು ಎಳ್ಳಷ್ಟೂ ಸಹಿಸುವುದಿಲ್ಲ ಎಂದು ಅದು ಹೇಳಿತು. ಫಲಕಗಳು ಎದ್ದ ತಿಂಗಳಲ್ಲೇ ಇಸ್ರೇಲಿನ ಪ್ರಧಾನಿ ಬುಡಾಪೆಸ್ಟಿಗೆ ಭೇಟಿ ಕೊಟ್ಟರು. ಮೊದಲು ಫಲಕಗಳನ್ನು ಖಂಡಿಸಿದ ಇಸ್ರೇಲಿನ ರಾಯಭಾರಿಯ ಮಾತಿಗೆ, ಸೊರೊಸ್ ಅವರನ್ನು ಟೀಕಿಸುವುದು ತಪ್ಪೆಂದು ಅದರ ಅರ್ಥವಲ್ಲ ಎಂದು ಇಸ್ರೇಲಿನ ವಿದೇಶಾಂಗ ಇಲಾಖೆಯೇ ಸ್ಪಷ್ಟನೆ ಸೇರಿಸಿತು. ಇದಕ್ಕಿಂತ ವಿಚಿತ್ರವಾದ ಸಂಗತಿಯೆಂದರೆ, ಸೊರೊಸ್ ಅವರನ್ನು ಎದುರಾಳಿಯ ಸ್ಥಾನದಲ್ಲಿ ನಿಲ್ಲಿಸುವ ತಂತ್ರ ಹೆಣೆದ ಅಮೆರಿಕದ ಚುನಾವಣಾ ಸಲಹೆಗಾರರಾದ ಆರ್ಥರ್ ಫಿಂಕೆಲ್‌ಸ್ಟೈನ್ ಮತ್ತು ಜಾರ್ಜ್ ಬರ್ನ್‌ಬಾಮ್ ಇಬ್ಬರೂ ಯಹೂದಿಗಳು. ಇದನ್ನು ಮುಂದಿಟ್ಟುಕೊಂಡು ಆರೋಪವೇ ಸುಳ್ಳೆಂದು ಕೆಲವರು ವಾದಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ವಾದವನ್ನು ತಪ್ಪಾದ ಜಾಗಕ್ಕೆ ಕೊಂಡೊಯ್ಯುತ್ತದೆ. ಪ್ರಚಾರ ರೂಪಿಸಿದವನ ಮನಸ್ಸಿನಲ್ಲಿ ದ್ವೇಷವಿತ್ತೇ ಎಂಬುದನ್ನು ಹೊರಗಿನವರು ಅಳೆಯಲಾರರು. ಅಳೆಯಬಹುದಾದದ್ದು ಅವನು ಆರಿಸಿಕೊಂಡ ಚಿತ್ರ ಎಲ್ಲಿಂದ ಬಂದದ್ದು, ಅದನ್ನು ಕೇಳಿದವರು ಏನು ಅರ್ಥ ಮಾಡಿಕೊಂಡರು ಎಂಬುದನ್ನು. ವೋಟಿಗಾಗಿ ಮಾತ್ರ ಬಳಸಿದ ದ್ವೇಷದ ಚಿತ್ರವೂ ಜನರ ಮನಸ್ಸಿನಲ್ಲಿ ದ್ವೇಷವನ್ನೇ ಬಿತ್ತುತ್ತದೆ.

ಇನ್ನು, ನೇರವಾಗಿ ಹೇಳದೆ ಸಂಕೇತವನ್ನೇಕೆ ಬಳಸುತ್ತಾರೆ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿ, ಆಸ್ಟ್ರಿಯಾಗಳ ರಾಜಕಾರಣಿಗಳು ತಾವು ಯಹೂದಿ ವಿರೋಧಿಗಳೆಂದು ಬಹಿರಂಗವಾಗಿ ಹೇಳಿಕೊಂಡು ಮತ ಕೇಳುತ್ತಿದ್ದರು. 1945ರಲ್ಲಿ ಯಾತನಾ ಶಿಬಿರಗಳ ಸತ್ಯ ಹೊರಬಿದ್ದ ಮೇಲೆ ಹಾಗೆ ಹೇಳಿಕೊಂಡು ಪ್ರಜಾಪ್ರಭುತ್ವದಲ್ಲಿ ಗೆಲ್ಲುವುದು ಕಷ್ಟವಾಯಿತು. ಹಲವು ದೇಶಗಳಲ್ಲಿ ಅದು ಕಾನೂನಿನ ಪ್ರಕಾರ ಅಪರಾಧವೂ ಆಯಿತು. ಆದರೆ ನಂಬಿಕೆಗಳು ಒಂದೇ ತಲೆಮಾರಿನಲ್ಲಿ ಅಳಿಯಲಿಲ್ಲ. ಆ ನಂಬಿಕೆಯಿರುವವರ ಮತವೂ ಬೇಕು, ಅದನ್ನು ಹೇಸುವವರ ಮತವೂ ಬೇಕು ಎನ್ನುವವನಿಗೆ ಎರಡು ಅರ್ಥವಿರುವ ಮಾತು ಅನುಕೂಲ. ಯಾರಾದರೂ ಪ್ರಶ್ನಿಸಿದರೆ, ನಾನು ಯಹೂದಿ ಎಂದೆನೇ, ನಿಮ್ಮ ಮನಸ್ಸಿನಲ್ಲಿರುವುದನ್ನು ನನ್ನ ಮಾತಿಗೆ ಏಕೆ ಸೇರಿಸುತ್ತೀರಿ ಎಂದು ತಿರುಗಿ ಕೇಳಬಹುದು. ಆಗ ಆರೋಪ ಮಾಡಿದವರೇ ವಿವರಣೆ ಕೊಡಬೇಕಾಗುತ್ತದೆ.

ಅಮೆರಿಕದಲ್ಲಿ 2016ರ ನವೆಂಬರ್‌ನಲ್ಲಿ ಡೊನಾಲ್ಡ್ ಟ್ರಂಪ್ ಅವರ ಕೊನೆಯ ಪ್ರಚಾರ ಜಾಹೀರಾತು ಇದೇ ವಿವಾದ ಎಬ್ಬಿಸಿತು. ಜಾಗತಿಕ ಅಧಿಕಾರ ವ್ಯವಸ್ಥೆಯೊಂದು ದುಡಿಯುವ ವರ್ಗವನ್ನು ದೋಚಿತು ಎಂಬ ಮಾತು ಕೇಳಿಬರುವಾಗ ಪರದೆಯ ಮೇಲೆ ಸೊರೊಸ್, ಆಗ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಮುಖ್ಯಸ್ಥೆಯಾಗಿದ್ದ ಜಾನೆಟ್ ಯೆಲೆನ್, ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ಲಾಯ್ಡ್ ಬ್ಲಾಂಕ್‌ಫೈನ್ ಕಾಣಿಸಿಕೊಂಡರು, ಮೂವರೂ ಯಹೂದಿಗಳು. ಯಹೂದಿ ದ್ವೇಷದ ಉದ್ದೇಶ ತಮಗಿಲ್ಲವೆಂದು ಪ್ರಚಾರ ತಂಡ ಹೇಳಿತು, ಟ್ರಂಪ್ ಅವರ ಮಗಳು, ಅಳಿಯ ಯಹೂದಿಗಳೆಂಬುದನ್ನೂ ಬೆಂಬಲಿಗರು ನೆನಪಿಸಿದರು. 2018ರ ಅಕ್ಟೋಬರ್‌ನಲ್ಲಿ ರಿಪಬ್ಲಿಕನ್ ನಾಯಕ ಕೆವಿನ್ ಮೆಕಾರ್ಥಿ, ಸೊರೊಸ್, ಸ್ಟೈಯರ್, ಬ್ಲೂಮ್‌ಬರ್ಗ್ (ಮೂವರೂ ಯಹೂದಿ ಮೂಲದ ಶ್ರೀಮಂತರು) ಈ ಚುನಾವಣೆಯನ್ನು ಖರೀದಿಸಲು ಬಿಡಬಾರದು ಎಂದು ಟ್ವೀಟ್ ಮಾಡಿ, ಬಳಿಕ ಅಳಿಸಿದರು. ಅದಕ್ಕೆ ಹಿಂದಿನ ದಿನವಷ್ಟೇ ಸೊರೊಸ್ ಅವರ ಮನೆಯ ಅಂಚೆಪೆಟ್ಟಿಗೆಯಲ್ಲಿ ಪೈಪ್ ಬಾಂಬ್ ಸಿಕ್ಕಿತ್ತು. ಅದೇ ವಾರ, ಅಕ್ಟೋಬರ್ 27ರ ಶನಿವಾರ, ಪಿಟ್ಸ್‌ಬರ್ಗ್‌ನ ‘ಟ್ರೀ ಆಫ್ ಲೈಫ್’ ಸಿನಗಾಗ್‌ನಲ್ಲಿ ಪ್ರಾರ್ಥನೆಗೆ ಬಂದಿದ್ದ 11 ಮಂದಿಯನ್ನು ಬಂದೂಕುಧಾರಿಯೊಬ್ಬ ಕೊಂದ. ನಿರಾಶ್ರಿತರಿಗೆ ನೆರವಾಗುವ ಯಹೂದಿ ಸಂಸ್ಥೆಯೊಂದು ತನ್ನ ಜನರನ್ನು ಕೊಲ್ಲುವ ಆಕ್ರಮಣಕಾರರನ್ನು ದೇಶದೊಳಗೆ ತರುತ್ತಿದೆ ಎಂದು ಅವನು ಮೊದಲೇ ಬರೆದುಕೊಂಡಿದ್ದ. ಒಂದು ಟ್ವೀಟ್ ಈ ಕೊಲೆಗಳಿಗೆ ಕಾರಣವಾಯಿತೆಂದು ಹೇಳಲಾಗದು, ಹಾಗೆ ಹೇಳುವುದು ನ್ಯಾಯವೂ ಅಲ್ಲ. ಆದರೆ ವಲಸಿಗರನ್ನು ಯಹೂದಿಗಳೇ ಹಣ ಕೊಟ್ಟು ಕರೆತರುತ್ತಿದ್ದಾರೆ ಎಂಬ ಅವನ ನಂಬಿಕೆ ಆಗಿನ ರಾಜಕೀಯದ ಗಾಳಿಯಲ್ಲಿ ಬೇರೆ ಬೇರೆ ರೂಪದಲ್ಲಿ ತೇಲುತ್ತಲೇ ಇತ್ತು.

ಇದು ಬಲಪಂಥದ ರೋಗ ಮಾತ್ರ ಎಂದು ಭಾವಿಸಬಾರದು. ಬ್ರಿಟನ್ನಿನಲ್ಲಿ 2005ರ ಚುನಾವಣೆಗೆ ಮುನ್ನ ಲೇಬರ್ ಪಕ್ಷ ತಯಾರಿಸಿದ ಪೋಸ್ಟರುಗಳಲ್ಲಿ ಯಹೂದಿ ಕುಟುಂಬಗಳಿಂದ ಬಂದ ಕನ್ಸರ್ವೇಟಿವ್ ನಾಯಕರಾದ ಮೈಕಲ್ ಹೋವರ್ಡ್ ಮತ್ತು ಆಲಿವರ್ ಲೆಟ್ವಿನ್ ಅವರನ್ನು ಯಹೂದಿ ಧರ್ಮದಲ್ಲಿ ನಿಷಿದ್ಧವಾದ ಹಂದಿಗಳಂತೆ, ಹಾರುತ್ತಿರುವಂತೆ ತೋರಿಸಲಾಗಿತ್ತು. ಇನ್ನೊಂದರಲ್ಲಿ ಹೋವರ್ಡ್ ಕೈಯಲ್ಲಿ ಗಡಿಯಾರ ತೂಗಾಡಿಸುತ್ತ ಜನರನ್ನು ಮರುಳುಗೊಳಿಸುವಂತಿದ್ದರು. ಆಕ್ಷೇಪ ಬಂದ ಮೇಲೆ ಪಕ್ಷ ಅವುಗಳನ್ನು ಕೈಬಿಟ್ಟಿತು. ಪೋಲೆಂಡಿನ 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಸರ್ಕಾರಿ ದೂರದರ್ಶನದ ವರದಿಗಳಲ್ಲಿ ಯಹೂದಿ ದ್ವೇಷದ ಛಾಯೆಯಿತ್ತೆಂದು ಅಂತರರಾಷ್ಟ್ರೀಯ ವೀಕ್ಷಕರೇ ದಾಖಲಿಸಿದರು.

ಹಾಗಾದರೆ ನ್ಯಾಯವಾದ ಟೀಕೆಯನ್ನು ಬೇರ್ಪಡಿಸುವುದು ಹೇಗೆ? ಇಂಥ ವ್ಯಕ್ತಿ ಇಂಥ ವರ್ಷ ಇಂಥ ಸಂಸ್ಥೆಗೆ ಇಷ್ಟು ಹಣ ಕೊಟ್ಟ, ಅದು ಕಾನೂನಿಗೆ ವಿರುದ್ಧ ಅಥವಾ ಜನಹಿತಕ್ಕೆ ಮಾರಕ ಎಂಬ ಮಾತನ್ನು ಪರಿಶೀಲಿಸಬಹುದು, ಸುಳ್ಳಾಗಿದ್ದರೆ ಅಲ್ಲಗಳೆಯಬಹುದು, ಕೊಟ್ಟವನು ಯಾವ ಜಾತಿ ಮತದವನಾಗಿದ್ದರೂ ಮಾತು ಹಾಗೆಯೇ ನಿಲ್ಲುತ್ತದೆ. ಯುದ್ಧ, ವಲಸೆ, ಬೆಲೆಯೇರಿಕೆ, ಪತ್ರಿಕೆಗಳು, ವಿರೋಧ ಪಕ್ಷ ಎಲ್ಲದರ ಹಿಂದೆಯೂ ಅವನೇ ಇದ್ದಾನೆ ಎಂಬ ಮಾತನ್ನು ಪರಿಶೀಲಿಸಲು ದಾರಿಯೇ ಇಲ್ಲ. ಸಾಕ್ಷ್ಯ ಸಿಗದಿದ್ದರೆ ಅದೂ ಅವನ ಕುತಂತ್ರಕ್ಕೆ ಸಾಕ್ಷಿಯಾಗುತ್ತದೆ. ಇಸ್ರೇಲ್ ಸರ್ಕಾರದ ಮೇಲಿನ ಟೀಕೆಗೂ ಇದೇ ಅಳತೆ ಸಾಕೆಂದು ನನಗನ್ನಿಸುತ್ತದೆ. ಗಾಜಾದಲ್ಲಿ ಇಸ್ರೇಲಿನ ಸೇನೆ ಮಾಡಿದ್ದನ್ನು ಕಟುವಾಗಿ ಖಂಡಿಸುವುದು ಒಂದು ಸರ್ಕಾರದ ಕೃತ್ಯದ ವಿಮರ್ಶೆ. ಲೋಕದ ಸರ್ಕಾರಗಳನ್ನೆಲ್ಲ ‘ಝಿಯೋನಿಸ್ಟರು’ (ಯಹೂದಿ ರಾಷ್ಟ್ರದ ಪರವಾದಿಗಳು) ಕೊಂಡುಕೊಂಡಿದ್ದಾರೆ ಎಂಬುದು 1903ರ ಖೋಟಾ ಕಥೆಯ ಪುನರಾವರ್ತನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಇಸ್ರೇಲಿನ ಪ್ರತಿ ಟೀಕೆಯನ್ನೂ ಯಹೂದಿ ದ್ವೇಷವೆನ್ನುವವರು ನಿಜವಾದ ದ್ವೇಷವನ್ನು ಗುರುತಿಸುವ ಕೆಲಸವನ್ನೇ ಕಷ್ಟಗೊಳಿಸುತ್ತಾರೆ.

ಕನ್ನಡದ ಓದುಗರಿಗೆ ಈ ಸಂಕೇತ ಕೇಳಿಸದಿರುವುದು ಸಹಜ. ಕೊಚ್ಚಿಯಲ್ಲಿ, ಕೊಂಕಣ ಕರಾವಳಿಯಲ್ಲಿ ಯಹೂದಿಗಳು ಶತಮಾನಗಳ ಕಾಲ ನೆರೆಹೊರೆಯವರೊಡನೆ ಹೊಂದಿಕೊಂಡು ಬಾಳಿದರು. ಯುರೋಪಿನ ಆ ದೂಷಣೆಯ ಪರಂಪರೆ ನಮ್ಮಲ್ಲಿ ಬೆಳೆಯಲಿಲ್ಲ. ‘ಕಾಣದ ಕೈಗಳ ಕೈವಾಡ’ ಎಂಬ ಮಾತನ್ನು ನಮ್ಮ ರಾಜಕಾರಣಿಗಳು ದಿನವೂ ಆಡುತ್ತಾರೆ. ಅದು ಯಾವ ಸಮುದಾಯವನ್ನೂ ಸೂಚಿಸುವುದಿಲ್ಲ. 2023ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಸೊರೊಸ್ ಅದಾನಿ ಸಮೂಹದ ಬಗ್ಗೆ ಮತ್ತು ಪ್ರಧಾನಿ ಮೋದಿಯವರ ಬಗ್ಗೆ ಆಡಿದ ಮಾತುಗಳ ನಂತರ ಅವರ ಹೆಸರು ಭಾರತದ ರಾಜಕೀಯದಲ್ಲಿಯೂ ಬಂದು, 2024ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಗದ್ದಲಕ್ಕೂ ಕಾರಣವಾಯಿತು. ಆ ವಾಗ್ವಾದ ಹುಟ್ಟಿದ್ದು ವಿದೇಶಿ ಹಸ್ತಕ್ಷೇಪದ ಕುರಿತ ನಮ್ಮದೇ ಹಳೆಯ ಆತಂಕದಿಂದ, ಅದಕ್ಕೆ ಯಹೂದಿ ದ್ವೇಷದ ಹಣೆಪಟ್ಟಿ ಹಚ್ಚುವುದು ಸರಿಯಲ್ಲ. ಆದರೆ ಜೊತೆಗೆ ಹರಿದುಬರುವ ಚಿತ್ರಗಳು ಇಲ್ಲಿಯವೇ ಆಗಿರಬೇಕೆಂದಿಲ್ಲ. ಭೂಗೋಳವನ್ನು ತೋಳುಗಳಲ್ಲಿ ಬಿಗಿದುಕೊಂಡ ಆಕ್ಟೋಪಸ್ ನಾಜಿ ವ್ಯಂಗ್ಯಚಿತ್ರಗಳಲ್ಲಿತ್ತು. ಕೊಕ್ಕೆಮೂಗಿನ ಮುದುಕ ನಾಯಕರನ್ನು ಬೊಂಬೆಗಳಂತೆ ಆಡಿಸುವ ಚಿತ್ರವೂ ಅದೇ ಕಾಲದ್ದು. ಅಂಥದೊಂದು ಚಿತ್ರ ನಮ್ಮ ಮೊಬೈಲಿಗೆ ಬಂದಾಗ, ಅದರ ಕೆಳಗಿನ ಕನ್ನಡ ಬರಹ ಯಾವ ಪಕ್ಷದ ಪರವಾಗಿದ್ದರೂ, ಮುಂದಕ್ಕೆ ಕಳಿಸುವ ಮೊದಲು ಅದರಲ್ಲಿ ಪರಿಶೀಲಿಸಬಹುದಾದ ಒಂದು ಕೃತ್ಯ, ಒಂದು ಮೊತ್ತ, ಒಂದು ದಿನಾಂಕ ಇದೆಯೇ ಎಂದು ಹುಡುಕಿ ನೋಡುವುದು ಸಾಧ್ಯ.