ಮನೆಯಲ್ಲಿ ಮಾಡಿದ ಕಲ್ಲುಸಕ್ಕರೆಯ ಹರಳು ದೊಡ್ಡದಾಗುವುದಿಲ್ಲ, ಯಾಕೆ?

ಗದಗದ ಓದುಗರೊಬ್ಬರ ಪ್ರಶ್ನೆ: "ಮಕ್ಕಳಿಗೆ ತೋರಿಸೋಣ ಅಂತ ಮನೆಯಲ್ಲೇ ಕಲ್ಲುಸಕ್ಕರೆ ಮಾಡಲು ಹೊರಟೆ. ಪಾಕದಲ್ಲಿ ದಾರ ಇಳಿಬಿಟ್ಟರೂ ಅದರ ಮೇಲೆ ಏನೂ ಕೂರಲಿಲ್ಲ. ತಳದಲ್ಲಿ ಮಾತ್ರ ಬಿಳಿ ಗಡ್ಡೆ ಕಟ್ಟಿತು. ಏನು ಮಾಡಬೇಕಿತ್ತು?"

ನಮ್ಮ ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯನ್ನು ನೋಡಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಕಟ್ಟಿಗೆಯ ಅಚ್ಚಿಗೆ ಪಾಕ ಹೊಯ್ದು ಆನೆ, ನವಿಲು, ತೇರು ಮಾಡುತ್ತಾರಲ್ಲ, ಅದೂ ಸಕ್ಕರೆಯ ಹರಳೇ. ಆದರೆ ಕಲ್ಲುಸಕ್ಕರೆಯ ಹಾಗೆ ತಿಳಿಯಾಗಿರುವುದಿಲ್ಲ, ಅಚ್ಚ ಬಿಳಿ. ಅಚ್ಚಿಗೆ ಹೊಯ್ಯುವ ಮೊದಲು ಬಿಸಿ ಪಾಕವನ್ನು ಚೆನ್ನಾಗಿ ಕೈಯಾಡಿಸುತ್ತಾರೆ. ಆಗ ಒಂದೇ ಸಲಕ್ಕೆ ಲೆಕ್ಕವಿಲ್ಲದಷ್ಟು ಸಣ್ಣ ಹರಳು ಹುಟ್ಟುತ್ತವೆ. ಇದ್ದ ಸಕ್ಕರೆಯನ್ನು ಎಲ್ಲವೂ ಹಂಚಿಕೊಳ್ಳುವುದರಿಂದ ಯಾವುದೂ ದೊಡ್ಡದಾಗುವುದಿಲ್ಲ. ಬೆಳಕು ಅವುಗಳಿಗೆ ತಾಗಿ ಚದುರುತ್ತದೆ, ಗೊಂಬೆ ಬೆಳ್ಳಗೆ ಕಾಣುತ್ತದೆ. ಆರತಿಗೆ ಇದೇ ಬೇಕು. ಬೇಗ ಗಟ್ಟಿಯಾಗಬೇಕು, ಅಚ್ಚಿನ ಸಣ್ಣ ಗೆರೆಯೂ ಮೂಡಬೇಕು. ಎಷ್ಟು ಚೆಂದದ ಕೆಲಸ ಅದು!

ಕಲ್ಲುಸಕ್ಕರೆಗೆ ಬೇಕಾದ್ದು ಇದರ ಉಲ್ಟಾ. ಹರಳು ಕಡಿಮೆ ಹುಟ್ಟಬೇಕು, ನಿಧಾನವಾಗಿ ಬೆಳೆಯಬೇಕು.

200 ಮಿ.ಲೀ. ನೀರಿಗೆ 500 ಗ್ರಾಂ ಸಕ್ಕರೆ ಹಾಕಿ ಕಾಯಿಸಿದರೆ ಪೂರ್ತಿ ಕರಗುತ್ತದೆ. ಪಾಕ ಆರಿದ ಮೇಲೆ ಆ ನೀರಿನಲ್ಲಿ ನಿಲ್ಲುವುದು 400 ಗ್ರಾಂಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದ 80 ಗ್ರಾಂ ಆಸುಪಾಸಿನ ಸಕ್ಕರೆಗೆ ಕೂರಲು ಜಾಗ ಬೇಕು. ನಿಮ್ಮ ದಾರ ಬೋಳಾಗಿದ್ದರೆ ಅದು ತಳವನ್ನೇ ಹಿಡಿಯುತ್ತದೆ. ಕರಗದೆ ಉಳಿದ ನಾಲ್ಕು ಕಾಳು ತಳದಲ್ಲಿದ್ದರಂತೂ ಮುಗಿಯಿತು.

ಆದ್ದರಿಂದ ದಾರವನ್ನು ಪಾಕದಲ್ಲಿ ಅದ್ದಿ, ಸಕ್ಕರೆಯಲ್ಲಿ ಹೊರಳಿಸಿ, ಒಂದು ದಿನ ಒಣಗಿಸಿ. ಅಂಟಿದ ಕಾಳುಗಳೇ ಬೀಜ. ಹೊಸ ಹರಳು ಹುಟ್ಟುವುದು ಕಷ್ಟ, ಇದ್ದ ಹರಳು ಬೆಳೆಯುವುದು ಸುಲಭ. ಪಾಕ ಪೂರ್ತಿ ಆರಿದ ಮೇಲೇ ದಾರ ಇಳಿಬಿಡಿ. ಬಿಸಿಯಲ್ಲೇ ಬಿಟ್ಟರೆ ಬೀಜವೇ ಕರಗಿಹೋಗುತ್ತದೆ. ದಾರ ತಳಕ್ಕೂ ಗೋಡೆಗೂ ತಾಗದಿರಲಿ.

ಪಾಕ ಕುದಿಯುವಾಗ ಒಂದು ಚಮಚ ಹಾಲು ಹಾಕುವ ರೂಢಿ ಇದೆಯಲ್ವಾ, ಅದು ಇಲ್ಲೂ ಒಳ್ಳೆಯದು. ಹಾಲು ಒಡೆದು, ಕಸವನ್ನು ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ತೆಗೆದುಹಾಕಿ, ಬಟ್ಟೆಯಲ್ಲಿ ಸೋಸಿ. ಕಸದ ಕಣ ಉಳಿದರೆ ಅದರ ಮೇಲೂ ಹರಳು ಕಟ್ಟುತ್ತದೆ. ಲಿಂಬೆ ರಸ ಮಾತ್ರ ಬೇಡ. ಜಾಮೂನಿನ ಪಾಕ ಗಟ್ಟಿಯಾಗದಿರಲಿ ಅಂತ ಹಾಕುವುದು ಅದನ್ನೇ. ಲಿಂಬೆಯ ಹುಳಿ ಸ್ವಲ್ಪ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಅವು ಅಡ್ಡ ಬಂದು ಹರಳು ಕಟ್ಟಲು ಬಿಡುವುದಿಲ್ಲ.

ಬಾಟಲಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ಅಲುಗಾಡದ ಜಾಗದಲ್ಲಿಡಿ. ನೀರು ಆರುತ್ತಾ ಹೋದಂತೆ ಇನ್ನಷ್ಟು ಸಕ್ಕರೆ ದಾರಕ್ಕೆ ಬರುತ್ತದೆ. ಮಳೆಗಾಲದ ತೇವದ ಹವೆಗಿಂತ ಚಳಿಗಾಲ ಇದಕ್ಕೆ ಒಳ್ಳೆಯದು. ಮೇಲೆ ಕೆನೆಯಂತೆ ಪದರ ಕಟ್ಟಿದರೆ ಚಮಚದಿಂದ ಮೆಲ್ಲಗೆ ತೆಗೆಯಿರಿ. ವಾರದೊಳಗೆ ಚಪ್ಪಟೆ ಮುಖದ, ಚೂಪು ಅಂಚಿನ ಹರಳು ಕಾಣುತ್ತವೆ. ಉಳಿದ ಪಾಕ ಚೆಲ್ಲಬೇಡಿ, ಶರಬತ್ತಿಗೆ ಆಗುತ್ತದೆ.